ಬಗ್ಗಿದವರಿಗೆ ಗವಿ

ಚರ್ಚುಗಳಲ್ಲಿ ಮಕ್ಕಳಿಗೆ ಸಂಡೇ ಸ್ಕೂಲು, ಹರೆಯದವರಿಗೆ ಗಿಟಾರು, ಹಿರಿಯರಿಗೆ ಹಳೇ ಕೀರ್ತನೆ ಎಂದು ಪಾಲು ಹಂಚಿರುತ್ತಾರೆ. ನಮ್ಮ ಗವಿಪುರಂನ ಗವಿಯೊಳಗಿನ ಗಂಗಾಧರೇಶ್ವರನಿಗೆ ಆ ತಾಪತ್ರಯವಿಲ್ಲ; ಮೂರೂ ತಲೆಮಾರಿಗೆ ಒಂದೇ ಬಂಡೆ. ಗರ್ಭಗುಡಿ ಸುತ್ತಬೇಕಾದರೆ ಬಗ್ಗಲೇಬೇಕು. ಕಿರಿಮಗ ನೆಟ್ಟಗೇ ಓಡಿದ. ಅಮ್ಮನ ಬೆನ್ನು ಮೊದಲೇ ಬಾಗಿದೆ. ಮಗಳ ಕತ್ತು ಮೊಬೈಲಿಗೆ ಬಗ್ಗಿ ಬಗ್ಗಿ ಪಳಗಿದೆ. ಟಣ್ ಎಂದದ್ದು ನನ್ನ ತಲೆ ಮಾತ್ರ!

"ನಲವತ್ತೈದಾದ್ರೂ ಬಗ್ಗೋದು ಕಲೀಲಿಲ್ವಲ್ಲೋ," ಅಂದಳು ಅಮ್ಮ.

ಸಂಕ್ರಾಂತಿ ಸಂಜೆ ಸೂರ್ಯರಶ್ಮಿ ನಂದಿಯ ಕೊಂಬುಗಳ ನಡುವೆ ನುಸುಳಿ ಲಿಂಗ ಮುಟ್ಟುವುದನ್ನು ಹೊರಗಿನ ಪರದೆಯಲ್ಲಿ ನೋಡಿದೆವು. ಅಮ್ಮ ಕೈಮುಗಿದಳು, ಮಗಳು ವಿಡಿಯೊ ಮಾಡಿದಳು, ಮಗ "ಎಳ್ಳುಬೆಲ್ಲ ಎಲ್ಲಿ?" ಎಂದ. ನಾನು ತಲೆಯ ಬುಗುಟು ಸವರಿಕೊಂಡೆ. ಅವರವರಿಗೆ ಅವರವರ ಪ್ರಸಾದ!