ರಿಪೇರಿಯಾದ ಮೇಲೆ ಕೆಟ್ಟ ಯೆಜ್ಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿ ಬೈಕುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಬಂತೆಂದರೆ ಮೈಸೂರು, ಬೆಂಗಳೂರಿನ ರಸ್ತೆಗಳಲ್ಲಿ ಹೊಗೆ ಬಿಡುತ್ತಾ ಸಾಲುಗಟ್ಟುತ್ತವೆ. ಅದಕ್ಕೆ ಮುಂಚಿನ ಕೆಲವು ವಾರ ಮೆಕ್ಯಾನಿಕ್‌ಗಳಿಗೆ ಸುಗ್ಗಿ, ಮಾಲೀಕರಿಗೆ ಸತ್ವಪರೀಕ್ಷೆ. ಕೆಮ್ಮುತ್ತಲೋ ನರಳುತ್ತಲೋ ಅಂತೂ ಓಡುತ್ತಿದ್ದ ಗಾಡಿಯನ್ನು ‘ಒಂದ್ಸಲ ಎಂಜಿನ್ ಬಿಚ್ಚಿಸಿಬಿಡೋಣ’ ಎಂದು ಒಪ್ಪಿಸಿದವರಿಗೆ, ಮದುಮಗನ ಹಾಗೆ ಮಿರಮಿರ ಮಿಂಚುವ, ಆದರೆ ಸ್ಟಾರ್ಟ್ ಆಗದ ಗಾಡಿ ವಾಪಸ್ ಬರುತ್ತದೆ.

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಆದದ್ದೂ ಅದೇ. ಹೊಸ ಪಿಸ್ಟನ್ನು, ಹೊಸ ರಿಂಗು, ಹೊಸ ಪಾಯಿಂಟು, ಮೇಲೆ ದಪ್ಪನೆಯ ಕಪ್ಪು ಪೇಂಟು. ಯೆಜ್ಡಿಯಲ್ಲಿ ಗೇರು ಹಾಕುವ ಲಿವರೇ ಕಿಕ್ಕರ್ ಕೂಡ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿಕೊಂಡು ಒದೆಯಬೇಕು. ಮೇಷ್ಟ್ರು ಒದ್ದರು. ಒದ್ದೇ ಒದ್ದರು. ಎಂಜಿನ್ನಿನಿಂದ ಒಂದು ನಿಟ್ಟುಸಿರೂ ಹೊರಡಲಿಲ್ಲ.

ಬೀದಿಯಲ್ಲಿ ಗಾಡಿ ಕೈಕೊಟ್ಟರೆ ಸಲಹೆಗೆ ಬರವೇ? ಎದುರುಮನೆಯವರು ಪ್ಲಗ್ಗೇ ಹೋಗಿದೆ ಎಂದರು. ಹಾಲಿನವನು ಪೆಟ್ರೋಲಿಗೆ ನೀರು ಸೇರಿದೆ ಎಂದ. ಇನ್ನೊಬ್ಬರು ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ ಎತ್ತಿಡಲು ಹೇಳಿದರು, ಏಕೆಂದು ಹೇಳಲಿಲ್ಲ. ಯಾರೂ ಕೇಳದೇ ಇದ್ದದ್ದು ಒಂದೇ ಪ್ರಶ್ನೆ: ರಿಪೇರಿಗೆ ಮುಂಚೆ ಸರಿಯಿದ್ದ ಯಾವ ಯಾವ ಭಾಗಕ್ಕೆ ಕೈ ಹಾಕಲಾಯಿತು?

ಅದನ್ನು ಕೇಳಿದವರು ಮೇಷ್ಟ್ರು ಕೊನೆಗೆ ಕರೆಸಿದ ಇನ್ನೊಬ್ಬ ಹಳೇ ಮೆಕ್ಯಾನಿಕ್. ಸ್ಟೂಲು ತರಿಸಿಕೊಂಡು ಕೂತು, ‘ಏನೇನು ಬಿಚ್ಚಿದ್ರು, ಮೊದಲು ಅದು ಹೇಳಿ ಸಾರ್’ ಎಂದರು. ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಹೆಡ್ಡಿಗೆ ತಾಗಿಸಿ ಹಿಡಿದು ಒದೆಸಿದರು. ಕಿಡಿಯಿಲ್ಲ. ಹೊಸ ಪಾಯಿಂಟು ತುಕ್ಕು ಹಿಡಿಯದಿರಲಿ ಎಂದು ಅದರ ಮೇಲೆ ಎಣ್ಣೆಯ ತೆಳುಪದರ ಬಳಿದೇ ಮಾರುತ್ತಾರೆ. ಅದನ್ನು ಒರೆಸದೆ ಕೂರಿಸಿದರೆ ಕರೆಂಟು ದಾಟುವುದಿಲ್ಲ. ಪೆಟ್ರೋಲಿನಲ್ಲಿ ಅದ್ದಿದ ಕಾಗದದ ಚೂರನ್ನು ಪಾಯಿಂಟಿನ ನಡುವೆ ಎಳೆದರು. ಆಗಲೂ ಕಿಡಿಯಿಲ್ಲ.

ಆಮೇಲೆ ಅವರು ಬ್ಯಾಟರಿಯ ವೈರನ್ನು ಚಾಸಿಗೆ ಬಿಗಿದ ಜಾಗವನ್ನು ಉಗುರಿನಿಂದ ಕೆರೆದು ನಕ್ಕರು. ಇಂಥ ಗಾಡಿಯಲ್ಲಿ ಬ್ಯಾಟರಿಗೆ ವಾಪಸ್ ಹೋಗುವ ಕರೆಂಟಿಗೆ ಚಾಸಿಯ ಕಬ್ಬಿಣವೇ ದಾರಿ; ಅದೇ ಅರ್ಥಿಂಗ್. ಮೇಷ್ಟ್ರು ದುಡ್ಡು ಸುರಿದು ಹೊಡೆಸಿದ ಪೇಂಟು ಆ ದಾರಿಗೆ ಅಡ್ಡಗೋಡೆ ಕಟ್ಟಿತ್ತು. ಬೋಲ್ಟಿನ ಬುಡದಲ್ಲಿ ಕಬ್ಬಿಣ ಕಾಣುವಷ್ಟು ಕೆರೆದು ಬಿಗಿದದ್ದೇ ತಡ, ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ಟೆಂದಿತು.

ಕಿಡಿ ಬಂದರೆ ಸಾಕೇ? ಟೂ-ಸ್ಟ್ರೋಕ್ ಎಂಜಿನ್ನಿಗೆ ವರ್ಕ್‌ಶಾಪಿನ ಮೂಲೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವುದೂ ಒಂದು ರೋಗ. ಪೆಟ್ರೋಲು ಆವಿಯಾಗಿ, ಜೊತೆಗೆ ಬೆರೆಸಿದ ಆಯಿಲ್ ಮಾತ್ರ ಕಾರ್ಬ್ಯುರೇಟರಿನಲ್ಲಿ ಉಳಿದು ಜೆಟ್ಟಿನ ಸಣ್ಣ ರಂಧ್ರವನ್ನು ಕಟ್ಟುತ್ತದೆ. ಇನ್ನು ಕ್ರ್ಯಾಂಕಿನ ಆಯಿಲ್ ಸೀಲು ನೆಟ್ಟಗೆ ಕೂರದಿದ್ದರಂತೂ ಮುಗಿಯಿತು. ಪೆಟ್ರೋಲು, ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು ಅಲ್ಲಿಂದ ಮೇಲೇರಬೇಕು. ಅಲ್ಲಿ ಗಾಳಿ ಸೋರಿದರೆ ಎಂಜಿನ್ ಹೀರುವುದಾದರೂ ಏನನ್ನು? ಪುಣ್ಯಕ್ಕೆ ಸೀಲು ಸರಿಯಿತ್ತು. ಜೆಟ್ ಊದಿ, ಹೊಸ ಪೆಟ್ರೋಲು ಹಾಕಿದ ಮೇಲೆ ಮೇಷ್ಟ್ರು ಅರೆಮನಸ್ಸಿನಿಂದ ಒಂದು ಒದೆ ಕೊಟ್ಟರು.

ಲಿವರ್ ತಿರುಗಿ ಅವರ ಕಾಲಿಗೇ ಒದ್ದಿತು. ಆದರೆ ಎಂಜಿನ್ ಶುರುವಾಗಿತ್ತು! ಖುಷಿಯಲ್ಲಿ ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಯೆಜ್ಡಿ ಗಂಭೀರವಾಗಿ ಹಿಂದಕ್ಕೆ ಹೊರಟು, ಸಲಹೆಗಾರರನ್ನೆಲ್ಲ ಚದುರಿಸಿ ಕಾಂಪೌಂಡಿಗೆ ಆತುಕೊಂಡು ನಿಂತಿತು.

ದೆವ್ವದ ಕಾಟವಲ್ಲ ಇದು. ಕಿಡಿ ತೀರಾ ಮುಂಚೆಯೇ ಹಾರುವಂತೆ ಟೈಮಿಂಗ್ ಕೂತಿದ್ದು, ಒದೆತವೂ ಮೆತ್ತಗಾದರೆ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಹಿಂದಕ್ಕೆ ದಬ್ಬಿಸಿಕೊಳ್ಳುತ್ತದೆ. ಇಂಥ ಟೂ-ಸ್ಟ್ರೋಕಿನಲ್ಲಿ ದಾರಿಗಳನ್ನು ತೆರೆದು ಮುಚ್ಚುವುದು ಪಿಸ್ಟನ್ನೇ ಆದ್ದರಿಂದ ಎಂಜಿನ್ನಿಗೆ ಎತ್ತ ತಿರುಗಿದರೂ ನಡೆಯುತ್ತದೆ. ಜರ್ಮನಿಯವರು ಇದನ್ನು ಸೌಲಭ್ಯವನ್ನಾಗಿಯೇ ಮಾಡಿಕೊಂಡಿದ್ದರು. 1955ರಲ್ಲಿ ಬಂದ ಮೆಸ್ಸರ್‌ಸ್ಮಿಟ್ ಕೆಆರ್200 ಎಂಬ ಮೂರು ಚಕ್ರದ ಪುಟ್ಟ ಕಾರಿನಲ್ಲಿ ಎಂಜಿನ್ ನಿಲ್ಲಿಸಿ ಉಲ್ಟಾ ಸ್ಟಾರ್ಟ್ ಮಾಡಿದರೆ ನಾಲ್ಕು ಗೇರುಗಳೂ ಹಿಂದಕ್ಕೆ ಸಿಗುತ್ತಿದ್ದವು. ಅಷ್ಟು ವೇಗದಲ್ಲಿ ಹಿಂದಕ್ಕೆ ಹೋಗುವ ತುರ್ತು ಯಾರಿಗಿತ್ತೋ!

ಮೆಕ್ಯಾನಿಕ್ ಟೈಮಿಂಗ್ ಸರಿಪಡಿಸಿದರು. ಗಾಡಿ ಮುಂದಕ್ಕೇ ಹೋಯಿತು. ಬಿಲ್ಲಿನ ಚೀಟಿಯಲ್ಲಿ ‘ಪೇಂಟ್ ಕೆರೆದದ್ದು’ ಎಂಬ ಸಾಲು ಕಂಡು ಮೇಷ್ಟ್ರು ಕನ್ನಡಕ ಏರಿಸಿದರು.

‘ಅಲ್ಲಯ್ಯಾ, ಬಳಿದಿದ್ದಕ್ಕೂ ದುಡ್ಡು, ಕೆರೆದಿದ್ದಕ್ಕೂ ದುಡ್ಡಾ?’

‘ಬಳಿದೋನು ಬೇರೆ ಸಾರ್. ಅವನ ಹತ್ರ ವಾಪಸ್ ಇಸ್ಕೊಳ್ಳಿ.’