ಮರ ಮಾರಿ ಮರದ ಫೋಟೊ ಕೊಂಡವರು

ಹರಪನಹಳ್ಳಿ ಸೀಮೆಗೆ ಹೊಸ ಖಯಾಲಿ ಹತ್ತಿದೆ. ಮನೆಯ ನೆಲ ಮರದ್ದಾಗಬೇಕು. ಮರದ್ದೇ ಆಗಬೇಕೆಂದಿಲ್ಲ. ಮರದ್ದು ಅಂತ ನಾಲ್ಕು ಜನ ನಂಬಿದರೆ ಸಾಕು.

ಬಾಗಳಿ ಕಡೆಯ ಸಾಹುಕಾರರೊಬ್ಬರು ಕೆಳಗಿನ ಹಾಲಿಗೆ ಇಂಥದ್ದನ್ನು ಎಂದೋ ಹಾಕಿಸಿದ್ದರು. ಈಗ ಮಹಡಿ ಎದ್ದಿದೆ. ಮಹಡಿಗೂ ಅದೇ ಬಣ್ಣ, ಅದೇ ಗೆರೆ, ಅದೇ ಗಂಟು ಬೇಕಂತೆ. ಕೈಯಲ್ಲೊಂದು ಹಲಗೆಯ ತುಂಡು ಹಿಡಿದು ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು ತಿರುಗುತ್ತಿದ್ದಾರೆ, ಮಗಳ ಜಾತಕ ಹಿಡಿದು ವರ ಹುಡುಕುವವರ ಹಾಗೆ.

"ಯಾಕ್ರೀ ಇಷ್ಟು ಒದ್ದಾಟ?" ಅಂದೆ.

"ಮ್ಯಾಲೆ ಕೆಳಗ ಒಂದಾ ನಮೂನಿ ಇರ್ಬೇಕಲ್ರೀ. ನೋಡಿದೋರು ಏನಂತಾರ?"

ನೋಡುವವರು ಯಾರು? ಕೆಳಗಿದ್ದವರಿಗೆ ಮೇಲಿನ ನೆಲ ಕಾಣದು. ಮೇಲಿದ್ದವರಿಗೆ ಕೆಳಗಿನದು ಕಾಣದು. ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಮೆಟ್ಟಿಲ ನಡುವೆ ನಿಂತು ಕತ್ತು ಉಳುಕಿಸಿಕೊಳ್ಳಬೇಕು. ಆ ಮೆಟ್ಟಿಲಿಗೆ ಹಾಕಿರುವುದು ಇಳಕಲ್ಲಿನ ಕೆಂಪು ಗ್ರಾನೈಟ್. ಅದು ಮೇಲಿನದಕ್ಕೂ ಹೊಂದುವುದಿಲ್ಲ, ಕೆಳಗಿನದಕ್ಕೂ ಹೊಂದುವುದಿಲ್ಲ. ಅದರ ಚಿಂತೆ ಯಾರಿಗೂ ಇಲ್ಲ.

ಇನ್ನು ಈ 'ಮರ'ದ ಕುಲಗೋತ್ರ. ಹೆಸರು ಲ್ಯಾಮಿನೇಟ್. ಮರದ ನಾರನ್ನು ಅಂಟಿನಲ್ಲಿ ಕಲಸಿ, ಒತ್ತಿ ತೆಗೆದ ಎಂಟೋ ಹನ್ನೆರಡೋ ಮಿಲಿಮೀಟರ್ ದಪ್ಪದ ಹಲಗೆ. ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ. ಕಾಗದದ ಮೇಲೆ ಮೆಲಮೈನಿನ ಲೇಪ. ಸಾಹುಕಾರರು ದಿನಾ ತುಳಿಯುತ್ತಿರುವುದು ಫೋಟೊ. ನಾಲ್ಕು ಹಲಗೆ ದಾಟಿದರೆ ಅದೇ ಗಂಟು, ಅದೇ ಸೀಳು ಮತ್ತೆ ಬರುತ್ತದೆ. ಅಂಥ ಮರ ಯಾವ ಕಾಡಲ್ಲೂ ಬೆಳೆದಿಲ್ಲ.

ಫೋಟೊ ಕೂಡ ಜೋಡಿ ಸಿಗುವುದಿಲ್ಲ. ಕಂಪನಿ ಡಿಸೈನ್ ನಿಲ್ಲಿಸಿರುತ್ತದೆ. ಅದೇ ನಂಬರಿನ ಮಾಲು ಸಿಕ್ಕರೂ ಬ್ಯಾಚ್ ಬೇರೆಯಾದರೆ ಬಣ್ಣ ಬೇರೆ. ಕೆಳಗಿನದು ಅಷ್ಟರಲ್ಲಿ ನಮ್ಮ ಬಿಸಿಲಿಗೆ ಬಿಳಿಚಿಕೊಂಡಿರುತ್ತದೆ. ಅಂಗಡಿಯವನಿಗೆ ಇದೆಲ್ಲ ಗೊತ್ತು. "ಸೇಮ್ ಟು ಸೇಮ್ ಸಾರ್" ಅನ್ನುತ್ತಾನೆ. ಸಾಹುಕಾರರು ಅಡ್ವಾನ್ಸ್ ಕೊಡುತ್ತಾರೆ.

ನನಗೆ ಮೈ ಉರಿಯುವುದು ಇದಕ್ಕಲ್ಲ. ಇವರ ಹಳೇ ಮನೆ ಮಾಳಿಗೆ ಮನೆ. ಕಂಬ, ಬೋದಿಗೆ, ತೊಲೆ, ಜಂತೆ, ಎಲ್ಲ ತೇಗ ಮತ್ತು ಬೇವು. ಮೇಲೆ ಮಣ್ಣು, ಅದರ ಮೇಲೆ ಚೌಳು. ಬೇಸಿಗೆಯಲ್ಲೂ ಒಳಗೆ ತಂಪು. "ಹಳೇ ಕಾಲದ್ದು" ಅಂತ ಕೆಡವಿದರು. ತೊಲೆಗಳನ್ನು ಲಾರಿ ತಂದವನಿಗೆ ಬಂದ ಬೆಲೆಗೆ ಹಾಕಿದರು. ಅವು ಈಗ ಯಾವುದೋ ರೆಸಾರ್ಟಿನಲ್ಲಿ ಪಾಲಿಶ್ ಹೊಡೆಸಿಕೊಂಡು ನಿಂತಿರಬೇಕು. ಅಸಲಿ ಮರ ತಲೆಯ ಮೇಲಿದ್ದಾಗ ನಾಚಿಕೆ. ಅದರ ಫೋಟೊ ಕಾಲ ಕೆಳಗೆ ಬಂದಾಗ ಪ್ರತಿಷ್ಠೆ. ಅದೂ ಚದರಡಿಗೆ ನೂರಾರು ರೂಪಾಯಿ ತೆತ್ತು.

ಕೊಪ್ಪಳ ಜಿಲ್ಲೆಯ ಕುಕನೂರಿನ ಮರದ ಕಮಲ ಮಹಲನ್ನು ಮಣಿಪಾಲದ ವಿಜಯನಾಥ ಶೆಣೈ ತಮ್ಮ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಸಾಗಿಸಿ ಮತ್ತೆ ನಿಲ್ಲಿಸಿದರು. ನಮ್ಮ ಬಯಲುಸೀಮೆಯ ಮರ ಈಗ ಕರಾವಳಿಯ ಮಳೆಯಲ್ಲಿ ಜೋಪಾನವಾಗಿದೆ. ಸಾಹುಕಾರರು ಉಡುಪಿ ಯಾತ್ರೆಯಲ್ಲಿ ಟಿಕೆಟ್ ಕೊಟ್ಟು ಅದನ್ನು ನೋಡಿದ್ದಾರೆ. "ಎಂಥಾ ಕೆಲ್ಸ ಮಾಡ್ಯಾರ್ರೀ ಹಿಂದಿನೋರು" ಅಂತ ಸೆಲ್ಫಿಯನ್ನೂ ಹೊಡೆದುಕೊಂಡಿದ್ದಾರೆ. ಊರಿಗೆ ಬಂದು ಜೆಸಿಬಿ ಕರೆಸಿದ್ದಾರೆ.

ನಮ್ಮ ಹೆಣ್ಣುಮಕ್ಕಳು ಹಬ್ಬ ಬಂದರೆ ಕೊಡಗಟ್ಟಲೆ ನೀರು ಸುರಿದು ಕಸಬರಿಗೆ ಆಡಿಸುವವರು. ಈ ನೆಲಕ್ಕೆ ನೀರು ಆಗದು. ಸಂದಿಗಿಳಿದರೆ ಹಲಗೆ ಉಬ್ಬುತ್ತದೆ. ಗೃಹಪ್ರವೇಶಕ್ಕೆ ಆಕಳು ತಂದರು. ಅದು ಹೆಜ್ಜೆ ಇಡುವಲ್ಲೆಲ್ಲ ಪ್ಲಾಸ್ಟಿಕ್ ತಾಡಪಾಲು ಹಾಸಿದರು. ಗೋಮಯ ಪರಮ ಪವಿತ್ರ, ಆದರೆ ಲ್ಯಾಮಿನೇಟಿಗೆ ತಾಗಕೂಡದು! ಗೀರು ಬೀಳುತ್ತದೆಂದು ಕುರ್ಚಿ ಕಾಲಿಗೆಲ್ಲ ರಬ್ಬರ್. ಬೀಗರು ಬಂದರೆ ನೆಲದ ಮೇಲೆ ಜಮಖಾನ. ಅಂದಮೇಲೆ ಮೇಲೆ ಕೆಳಗೆ ಹೊಂದಿಸಬೇಕಾದದ್ದು ಜಮಖಾನಗಳನ್ನು.

ಬಾಗಳಿಯಲ್ಲೇ ಕಲ್ಲೇಶ್ವರನ ಗುಡಿ ಇದೆ. ರಾಷ್ಟ್ರಕೂಟರ ಕಾಲದಲ್ಲಿ ಶುರುವಾಯಿತು. 987ರ ಸುಮಾರಿಗೆ, ಚಾಲುಕ್ಯ ಇಮ್ಮಡಿ ತೈಲಪನ ಆಳ್ವಿಕೆಯಲ್ಲಿ, ಬೆಳೆಯಿತು. ಎರಡು ರಾಜಮನೆತನ, ಎರಡು ಕಾಲದ ಕೆಲಸ. ಮ್ಯಾಚ್ ಆಗಿಲ್ಲವೆಂದು ಯಾವ ಭಕ್ತನೂ ಕೈಮುಗಿಯದೆ ತಿರುಗಿ ಹೋಗಿಲ್ಲ.

ನಮ್ಮ ಹರಪನಹಳ್ಳಿ ತಾಲ್ಲೂಕಿನ ಕಥೆಯನ್ನಂತೂ ಕೇಳಲೇಬೇಡಿ. 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಜೋಡಿಸಿದರು. ಅಲ್ಲಿಂದ ಕಿತ್ತು ಮತ್ತೆ ಬಳ್ಳಾರಿಗೆ. 2021ರಲ್ಲಿ ವಿಜಯನಗರಕ್ಕೆ. ಕಚೇರಿಗಳ ಬೋರ್ಡು ಬದಲಾಯಿತು. ಸಾಹುಕಾರರ ಬಾಗಿಲ ಮುಂದಿನ ಚರಂಡಿ ಮೂರೂ ಜಿಲ್ಲೆಗಳಲ್ಲಿ ಒಂದೇ ಬಣ್ಣದ್ದಿತ್ತು. ಹೊಂದಿಕೆ ಅಂದರೆ ಅದು.

ಅಂತೂ ಮಾಲು ಬಂತು. ಮಹಡಿಗೆ ಕೂರಿಸಿದ್ದೂ ಆಯಿತು. ಕೆಳಗಿನದಕ್ಕಿಂತ ಒಂಚೂರು ಕೆಂಪು. ಈಗ ಕೆಳಗಿನದನ್ನು ಕೀಳಿಸುತ್ತಿದ್ದಾರೆ, ಮೇಲಿನದಕ್ಕೆ ಹೊಂದಲಿ ಅಂತ. ಕಿತ್ತ ಹಲಗೆಗಳನ್ನು ಸೊಸೆ ನೀರೊಲೆಗೆ ತುರುಕಿದಳು. ಓಣಿ ತುಂಬ ಅಂಟಿನ ಹೊಗೆ.

"ಇದೆಂಥಾ ಕಟ್ಟಿಗಿರೀ ಮಾವ, ಸುಡಾಕೂ ಬರಂಗಿಲ್ಲಲ್ರೀ!"