ಬನ್ನಿ, ಎಲ್ಲರೂ ಸೇರಿ ಯೋಚಿಸೋಣ

ಆನ್‌ಲೈನ್ ಮೀಟಿಂಗಿನ ವೈಟ್‌ಬೋರ್ಡ್ ಅಪ್ಪಟ ಪ್ರಜಾಪ್ರಭುತ್ವವಂತೆ. ಯಾರು ಬೇಕಾದರೂ ಬರೆಯಬಹುದಂತೆ. ಮ್ಯಾನೇಜರ್ ಸಾಹೇಬರು ಹಿಂದಿನ ರಾತ್ರಿಯೇ ಆರು ಹಳದಿ ಚೀಟಿ ಅಂಟಿಸಿಟ್ಟಿರುತ್ತಾರೆ. ಕೆಳಗೆ ಖಾಲಿ ಜಾಗ. ಅದು ನಮ್ಮ ಪಾಲು.

"ಬನ್ನಿ, ಎಲ್ಲರೂ ಸೇರಿ ಯೋಚಿಸೋಣ." ನಿರ್ಧಾರ ಆಗಿದೆ. ಯೋಚನೆಯೊಂದು ಬಾಕಿ.

ಮುಕ್ತವಾಗಿ ಬರೆಯಿರಿ ಅನ್ನುತ್ತಾರೆ. ಆದರೆ ಕರ್ಸರ್ ಹೋದಲ್ಲೆಲ್ಲ ನಮ್ಮ ಹೆಸರು ಬಾಲದಂತೆ ಹಿಂದೆಯೇ ಬರುತ್ತದೆ. ಹೆಸರುಗಳೆಲ್ಲ ಅಂಚಿನಲ್ಲೇ ಸುಳಿದಾಡುತ್ತವೆ, ಒಂದೂ ನಡುವಿಗೆ ಬರುವುದಿಲ್ಲ. ಕಡೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬರೆಯುತ್ತಾಳೆ: ಡೆಡ್‌ಲೈನ್ ಸಾಲುವುದಿಲ್ಲ.

"ಒಳ್ಳೇ ಪಾಯಿಂಟ್!" ಸಾಹೇಬರಿಗೆ ಪರಮಾನಂದ. ಚೀಟಿಯನ್ನು ಎಳೆದು ಮೂಲೆಯ 'ಪಾರ್ಕಿಂಗ್ ಲಾಟ್' ಚೌಕಕ್ಕೆ ಹಾಕುತ್ತಾರೆ. ಬೆಂಗಳೂರಿನಲ್ಲಿ ಪಾರ್ಕಿಂಗ್ ಸಲೀಸಾಗಿ ಸಿಗುವ ಜಾಗ ಅದೊಂದೇ. ಅಲ್ಲಿಂದ ಗಾಡಿ ತೆಗೆದವರನ್ನು ಯಾರೂ ಕಂಡಿಲ್ಲ.

ಆಮೇಲೆ ಮತದಾನ. ಗುಪ್ತ ಮತದಾನ. "ನನ್ನ ವೋಟು ಎರಡನೇ ಚೀಟಿಗೆ, ನೀವು ನಿಮಗನಿಸಿದ್ದಕ್ಕೆ ಹಾಕಿ." ಎಲ್ಲರಿಗೂ ಎರಡನೆಯದೇ ಅನಿಸುತ್ತದೆ.

ಝೂಮ್‌ನಲ್ಲಿ ವ್ಯವಸ್ಥೆ ಇನ್ನೂ ಚೊಕ್ಕ. ಹಂಚಿಕೊಂಡ ಪರದೆಯ ಮೇಲೆ ಉಳಿದವರು ಗೀಚದಂತೆ ಹೋಸ್ಟ್ ತಡೆಯಬಹುದು. ಗೀಚಿದವರು ಯಾರೆಂದು ಹೆಸರು ಸಮೇತ ನೋಡಬಹುದು. ಪರದೆ ಹಂಚಿದವರು ತಮ್ಮ ಗೆರೆ ಉಳಿಸಿಕೊಂಡು ನೋಡುಗರ ಗೆರೆಗಳನ್ನಷ್ಟೇ ಅಳಿಸುವುದಕ್ಕೂ ಒಂದು ಆಯ್ಕೆ ಇದೆ. ಇದನ್ನು ಮಾಡಿದ ಎಂಜಿನಿಯರ್ ಇಂಥ ಮೀಟಿಂಗುಗಳಲ್ಲಿ ಕೂತು ನೊಂದವನೇ ಇರಬೇಕು. ಅಥವಾ ನಡೆಸಿದವನು.

ಪರದೆ ಹಂಚಿಕೊಳ್ಳುವುದು ಹೊಸದೇನಲ್ಲ. 1968ರ ಡಿಸೆಂಬರ್ 9ರಂದು ಅಮೆರಿಕದ ಕಂಪ್ಯೂಟರ್ ಎಂಜಿನಿಯರ್ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದ ಸಭೆಯಲ್ಲಿ ಕೂತು, ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಪರದೆ ಹಂಚಿಕೊಂಡು ಕೆಲಸ ಮಾಡಿ ತೋರಿಸಿದ. ಇಬ್ಬರಿಗೂ ಹೇಳಲು ಅವಕಾಶವಿತ್ತು. ಆ ಸೌಲಭ್ಯವೊಂದು ಬಿಟ್ಟು ಮಿಕ್ಕಿದ್ದೆಲ್ಲ ನಮಗೆ ಬಂದಿದೆ.

ಗೂಗಲ್ 2017ರಲ್ಲಿ 55 ಇಂಚಿನ ಡಿಜಿಟಲ್ ವೈಟ್‌ಬೋರ್ಡಾದ ಜಾಮ್‌ಬೋರ್ಡನ್ನು 4,999 ಡಾಲರಿಗೆ ಮಾರಿತು. 2024ರ ಕೊನೆಗೆ ಅದರ ಆಪ್‌ಗೂ ಬೀಗ ಹಾಕಿತು. ನಿಮ್ಮ ಬೋರ್ಡುಗಳನ್ನು ಬೇರೆಡೆಗೆ ಸಾಗಿಸಿಕೊಳ್ಳಿ ಎಂದು ಮುಂಚೆಯೇ ಸೂಚನೆ ಕೊಟ್ಟಿತ್ತು. ಪಾರ್ಕಿಂಗ್ ಲಾಟ್ ಸಮೇತ ಸಾಗಿಸಿಕೊಂಡ ಪುಣ್ಯಾತ್ಮರೂ ಇರಬಹುದು.

ಇತ್ತ, ಮೀಟಿಂಗ್ ಮುಗಿದ ಐದೇ ನಿಮಿಷಕ್ಕೆ ಮೇಲ್ ಬರುತ್ತದೆ. "ಇಂದಿನ ಚರ್ಚೆಯ ಫಲ" ಎಂಬ ಒಂದು ಎಕ್ಸೆಲ್ ಶೀಟ್. ಅದನ್ನು ತಯಾರಿಸಿದ್ದು ಹೋದ ಸೋಮವಾರ. ಅದರಲ್ಲಿ ಎಲ್ಲರ ಹೆಸರಿದೆ, ಎದುರಿಗೆ ಡೆಡ್‌ಲೈನ್ ಇದೆ. ಅಲ್ಲಿ ಮಾತ್ರ ಯಾರೂ ಏನೂ ಬರೆಯುವಂತಿಲ್ಲ. ಲಾಕ್ ಆಗಿದೆ.